ಮೂರು ಚುಕ್ಕೆಯ ಚೀಟಿ

ಮಾರ್ಚ್ ೯, ಭಾನುವಾರ
ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ ನಿಮ್ಮ ಸಿಕ್ಕಮ್ಮನ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಂಡಿನೋವು ಹೇಗಿದೆ? ಮಗಳು, ಅಳಿಯ, ಮೊಮ್ಮಗು ಎಲ್ಲ ಕ್ಷೇಮ ತಾನೇ?

ಮೊದಲು ಬೈದುಬಿಡಿ, ಆಮೇಲೆ ಮುಂದೆ ಓದಿ. ನಿಮ್ಮ ಕಾಗದ ಬಂದು ಮೂರು ತಿಂಗಳಾಯಿತು. ಓದಿ, ಮಡಚಿ, ವಾರ್ನಿಷ್ ಡಬ್ಬಿಯ ಪಕ್ಕದ ಗೂಡಿನಲ್ಲಿಟ್ಟೆ. ದಿನಾ ಕಣ್ಣಿಗೆ ಬೀಳುತ್ತದೆ, ದಿನಾ ನಾಳೆ ಬರೆದರಾಯಿತು ಎಂದುಕೊಳ್ಳುತ್ತೇನೆ. ಕೆಲಸ ಜಾಸ್ತಿ ಇತ್ತು ಎಂದು ಹೇಳಬಹುದು, ಇದ್ದದ್ದೂ ನಿಜ. ಫೋನಾದರೂ ಮಾಡಬಾರದಿತ್ತೇ ಎನ್ನುತ್ತೀರಿ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂಗುಟ್ಟುತ್ತೇನೆ, ಅಷ್ಟರಲ್ಲಿ ಮೊಮ್ಮಗು ಫೋನ್ ಕಿತ್ತುಕೊಳ್ಳುತ್ತದೆ. ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಮಾತಾಡಲು ನನಗೆ ಕಾಗದವೇ ಬೇಕು.

ಸುದ್ದಿ ಏನೆಂದರೆ, ನನಗೆ ಕೆಲಸ ಸಿಕ್ಕಿದೆ! ನಗಬೇಡಿ. ನಲವತ್ತೆಂಟನೇ ವಯಸ್ಸಿಗೆ, ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ, ಮೋಟಾರು ವೈಂಡಿಂಗ್ ಬೋಧಕಿ ಎಂದು ಬರೆದಿದ್ದಾರೆ. ತರಬೇತಿ ಕೇಂದ್ರದಲ್ಲಿ ಮಂಗಳವಾರ, ಶುಕ್ರವಾರ ಪಾಠ. ಉಳಿದ ದಿನ ಎಂದಿನಂತೆ ಅಂಗಡಿ, ಅದೇ ಸ್ಟೂಲು. ಆ ಕಾಗದವನ್ನು ನಮ್ಮ ಯಜಮಾನರು, ಅದೇ ನಿಮ್ಮ ತಮ್ಮ, ಅಂಗಡಿಗೆ ಬಂದವರಿಗೆಲ್ಲ ತೋರಿಸಿ ತೋರಿಸಿ ಮೂಲೆಗೆ ಗ್ರೀಸು ಹತ್ತಿದೆ. ಬೇರಿಂಗ್ ಹಾಕಿಸಲು ಬಂದವರೂ ಓದಬೇಕು, ವಿಳಾಸ ಕೇಳಲು ಬಂದವರೂ ಓದಬೇಕು.

ಇದೇ ನಿಮ್ಮ ತಮ್ಮ ನವೆಂಬರ್ ತಿಂಗಳಲ್ಲಿ ಏನು ಮಾಡಿದರು ಗೊತ್ತೇ? ಅದನ್ನು ಮೊದಲಿಂದ ಹೇಳುತ್ತೇನೆ.

ಕಾರ್ಮಿಕ ಇಲಾಖೆಯಿಂದ ಗಣತಿಗೆಂದು ಒಬ್ಬ ಹುಡುಗಿ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಫಾರಮ್ಮು, ಬಿಸಿಲಿಗೆ ಮುಖವೆಲ್ಲ ಕೆಂಪು. ರಾಜ್ಯದಲ್ಲಿ ರಿಪೇರಿ ಕೆಲಸ ಮಾಡುವವರು ಎಷ್ಟು ಜನ ಇದ್ದಾರೆ, ಎಷ್ಟು ಜನ ಬಿಟ್ಟರು, ಹೊಸಬರು ಬರುತ್ತಿದ್ದಾರಾ ಇಲ್ಲವಾ, ಇದನ್ನೆಲ್ಲ ಅಂಗಡಿ ಅಂಗಡಿಗೆ ಹೋಗಿ ಬರೆದುಕೊಳ್ಳುತ್ತಿದ್ದಳು. ನಮ್ಮ ಬೀದಿಯಲ್ಲಿ ಬರೆಯಲು ಉಳಿದಿರುವುದಾದರೂ ಏನು? ನಿಮ್ಮ ಕಾಲದ ಹನ್ನೊಂದು ರಿಪೇರಿ ಅಂಗಡಿಗಳಲ್ಲಿ ಈಗಿರುವುದು ನಾಲ್ಕು. ಗಡಿಯಾರದವರು ಬಾಗಿಲು ಹಾಕಿದರು. ರೇಡಿಯೋದವರು ಮೊಬೈಲಿಗೆ ಗಾಜು ಅಂಟಿಸುತ್ತಿದ್ದಾರೆ. ಹೊಲಿಗೆ ಯಂತ್ರದ ಮೇಸ್ತ್ರಿ ಬಟ್ಟೆ ಕಾರ್ಖಾನೆ ಸೇರಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತುತ್ತಾರೆ. ಉಳಿದ ಕಡೆ ಕಂಪನಿಯ ಸರ್ವಿಸ್ ಸೆಂಟರುಗಳು. ಅಲ್ಲಿ ಬಿಚ್ಚುವುದೂ ಇಲ್ಲ, ನೋಡುವುದೂ ಇಲ್ಲ, ಇಡೀ ಮೋಟಾರನ್ನೇ ಬದಲಾಯಿಸಿ ಕಳಿಸುತ್ತಾರೆ.

ಹುಡುಗಿ ನಿಮ್ಮ ತಮ್ಮನ ಮುಂದೆ ನಿಂತು ಕೇಳಿದಳು: "ಇಲ್ಲಿ ಎಷ್ಟು ಜನ ಕೆಲಸ ಮಾಡ್ತೀರಿ ಸರ್?"

"ಒಬ್ಬನೇ ಅಮ್ಮಾ. ನಾನೊಬ್ಬನೇ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ ಅತ್ತಿಗೆ. ಮಡಿಲಲ್ಲಿ ಪಂಪಿನ ಸ್ಟೇಟರು, ಅದಕ್ಕೆ ಸುತ್ತುವ ತಾಮ್ರದ ತಂತಿ ಕೈಯಲ್ಲಿ, ಬಾಯಲ್ಲಿ ಕಟ್ಟುವ ದಾರ, ಅರವತ್ತೇಳನೇ ಸುತ್ತು ನಡೆಯುತ್ತಿತ್ತು. ಎಣಿಕೆ ತಪ್ಪಿಹೋಯಿತು. ಹುಡುಗಿ ನನ್ನ ಕಡೆ ನೋಡಿ, "ಮತ್ತೆ ಇವರು?" ಎಂದಳು.

"ಅವಳು ನಮ್ಮನೆಯವಳು. ಸುಮ್ನೆ ಕೂತಿರ್ತಾಳೆ, ಅದೂ ಇದೂ ಕೈಗೆ ಕೊಡ್ತಾಳೆ."

ಸುಮ್ಮನೆ ಕೂತಿರುತ್ತಾಳಂತೆ! ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬಾಯಲ್ಲಿದ್ದ ದಾರ ತೆಗೆದು ಪಕ್ಕಕ್ಕಿಟ್ಟು ಎದ್ದೆ. "ಓಹೋ, ನಾನು ಸುಮ್ನೆ ಕೂತಿದೀನಾ? ಹಾಗಾದ್ರೆ ತಗೊಳ್ಳಿ, ಉಳಿದದ್ದನ್ನ ನೀವೇ ಸುತ್ತಿ," ಎಂದು ಸ್ಟೇಟರನ್ನು ತಂತಿಯ ಸಮೇತ ಅವರ ಮಡಿಲಲ್ಲಿಟ್ಟೆ. ಪರರ ಮನೆಯ ಅಳುವ ಕೂಸನ್ನು ಹಿಡಿದುಕೊಂಡ ಹಾಗೆ ಹಿಡಿದುಕೊಂಡು ಕೂತರು. ಅವರಿಗೆ ಬಿಚ್ಚಲು ಬರುತ್ತದೆ, ಬೇರಿಂಗ್ ಹಾಕಲು ಬರುತ್ತದೆ, ಗಿರಾಕಿಯ ಜೊತೆ ಹರಟಲು ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಸುತ್ತಲು ಬರುವುದಿಲ್ಲ. ಬೆರಳು ದಪ್ಪ ಎಂದು ಮಾವನವರೇ ಆ ಕೆಲಸ ಬಿಡಿಸಿದ್ದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹುಡುಗಿಗೆ ನಗು ತಡೆಯಲಾಗಲಿಲ್ಲ. ನಿಮ್ಮ ತಮ್ಮ ಮೆಲ್ಲಗೆ, "ಅಲ್ಲ ಕಣೇ, ಜಾಸ್ತಿ ಜನ ಅಂತ ಬರೆಸಿದ್ರೆ ಲೈಸೆನ್ಸು ಗಿಯ್ಸೆನ್ಸು ಅಂತ ತಲೆ ತಿಂತಾರೇನೋ ಅಂದ್ಕೊಂಡೆ. ಮನೆಯವರನ್ನೂ ಎಣಿಸ್ತಾರೆ ಅಂತ ನನಗೇನ್ ಗೊತ್ತು?" ಎಂದರು. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ, ಪಾಪ. ಒಂದು ಎನ್ನುವುದು ಅವರ ಬಾಯಿಗೆ ಸಲೀಸಾಗಿ ಬಂತು, ಅಷ್ಟೇ. ಆ ಸಲೀಸೇ ನನ್ನನ್ನು ಹೆಚ್ಚು ಚುಚ್ಚಿತು.

ಹುಡುಗಿ ಚೀಲದಿಂದ ಹಿಂದಿನ ಗಣತಿಯ ಪಟ್ಟಿ ತೆಗೆದು ತೋರಿಸಿದಳು. ನಮ್ಮ ವಾರ್ಡಿನಲ್ಲಿ ಮೋಟಾರು ವೈಂಡಿಂಗ್ ಮಾಡುವ ಗಂಡಸರು ಒಂಬತ್ತು, ಹೆಂಗಸರು ಸೊನ್ನೆ. ದುಂಡಗೆ ಅಚ್ಚು ಹಾಕಿಸಿದ್ದಾರೆ! ಆಗಲೂ ನಾನು ಇದೇ ಸ್ಟೂಲಿನ ಮೇಲೆ ಕೂತಿದ್ದೆ.

ಅವಳೇ ಹೇಳಿದ ಇನ್ನೊಂದು ಮಾತು ಕೇಳಿ. ಅಂಗಡಿಗಳು ಮುಚ್ಚುತ್ತಿದ್ದರೂ ಕೆಲಸವೇನೂ ಕಡಿಮೆಯಾಗಿಲ್ಲವಂತೆ. ಪಂಪು, ಲಿಫ್ಟು, ಆಸ್ಪತ್ರೆಯ ಯಂತ್ರ, ಈಗ ಬ್ಯಾಟರಿ ಗಾಡಿಗಳು ಬೇರೆ. ದುರಸ್ತಿ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐವತ್ತು ದಾಟಿದವರು. ಕಲಿಯುತ್ತೇವೆ ಎಂದು ಬರುವ ಮಕ್ಕಳಿದ್ದಾರೆ, ಕಲಿಸುವವರು ಸಿಗುತ್ತಿಲ್ಲ. ಅದಕ್ಕೇ ಹತ್ತು ವರ್ಷ ಕೆಲಸ ಮಾಡಿದವರು ಯಾರೇ ಇದ್ದರೂ, ಓದು ಬರಹ ಎಷ್ಟೇ ಇರಲಿ, ಗಣತಿಯಲ್ಲಿ ಹೆಸರು ಬಂದರೆ ಪರೀಕ್ಷೆಯಿಲ್ಲದೆ ಪ್ರಮಾಣಪತ್ರ. ಕೈಕೆಲಸ ಮಾಡಿ ತೋರಿಸಿದರೆ ತರಬೇತಿ ಕೇಂದ್ರದಲ್ಲಿ ಪಾಠ ಹೇಳಬಹುದು.

"ಆದ್ರೆ ಆಂಟಿ, ಸಾಕ್ಷಿ ಬೇಕು. ಹಾಜರಿ ಪುಸ್ತಕ, ಸಂಬಳದ ರಸೀದಿ, ಏನಾದ್ರೂ ಇದೆಯಾ?"

ಗಂಡನ ಅಂಗಡಿಯಲ್ಲಿ ಹಾಜರಿ ಪುಸ್ತಕವಂತೆ, ಸಂಬಳವಂತೆ! ಆಗ ನೆನಪಾದದ್ದು ನಮ್ಮ ಚೀಟಿ ಅತ್ತಿಗೆ. ನೀವು ಕಲಿಸಿದ ಚೀಟಿ.

ನಾನು ಮದುವೆಯಾಗಿ ಬಂದ ಹೊಸತು. ಮೊದಲ ದಿನವೇ ಒಂದು ಉಂಡೆ ತಂತಿಯನ್ನು ಸಿಕ್ಕು ಮಾಡಿಟ್ಟು ನಿಮ್ಮಿಂದ ಸಿಕ್ಕಮ್ಮ ಎಂದು ಹೆಸರಿಡಿಸಿಕೊಂಡೆ. ಮೊದಲ ಮೋಟಾರು ಮುಗಿದ ದಿನ ನೀವು ಇನ್ಸುಲೇಷನ್ ಕಾಗದದ ಒಂದು ತುಂಡು ಹರಿದು ಕೊಟ್ಟು, ಎಷ್ಟು ಸುತ್ತು, ಯಾವ ಗೇಜಿನ ತಂತಿ, ಯಾವ ತಾರೀಖು ಎಂದು ಪೆನ್ಸಿಲಿನಲ್ಲಿ ಬರೆಸಿದಿರಿ. ಶಾಯಿ ಬೇಡ, ಬಿಸಿಗೆ ಹಾರುತ್ತದೆ ಎಂದಿರಿ. ಅದನ್ನು ಮಡಚಿ ಮೋಟಾರಿನ ವೈರು ಜೋಡಿಸುವ ಡಬ್ಬಿಯೊಳಗೆ ಸಿಕ್ಕಿಸಿ ಮುಚ್ಚಳ ಹಾಕಿದಿರಿ. "ಕಾಯಿಲು ಸುಟ್ಟು ಕರಕಲಾದ್ರೆ ಸುತ್ತು ಎಣಿಸೋಕಾಗಲ್ಲ. ಮುಂದೆ ಬಿಚ್ಚೋರಿಗೆ ನಾವೇ ಹೇಳಿ ಹೋಗ್ಬೇಕು," ಎಂದಿರಿ. ಹೆಸರು ಬರೆಯಲು ಹೋದರೆ ಮಾವನವರು, "ಅಂಗಡಿ ಹೆಸರು ಬೋರ್ಡಿನ ಮೇಲಿದೆ, ಚೀಟಿಗ್ಯಾಕೆ?" ಎನ್ನುತ್ತಿದ್ದರು. ಅದಕ್ಕೇ ನಾವು ಗುರುತು ಇಡುತ್ತಿದ್ದೆವು. ತಪ್ಪು ಯಾರದು, ಯಾರ ಕಿವಿ ಹಿಂಡಬೇಕು ಎಂದು ಗೊತ್ತಾಗಬೇಕಲ್ಲ! ನಿಮ್ಮದು ಮೂರು ಚುಕ್ಕೆ. ನನ್ನದು ಒಂದು ಸಣ್ಣ ಸೊನ್ನೆ.

"ಸಾಕ್ಷಿ ತಾನೇ ಬೇಕು? ಬಾ ತೋರಿಸ್ತೀನಿ," ಎಂದು ಚಪ್ಪಲಿ ಮೆಟ್ಟಿದೆ. ನಿಮ್ಮ ತಮ್ಮ ಸ್ಕ್ರೂಡ್ರೈವರು, ಸ್ಪ್ಯಾನರು ಎತ್ತಿಕೊಂಡು ಹಿಂದೆ ಬಂದರು. ಅವರ ಮುಖ ನೋಡಿ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಮೂವರೂ ಎರಡು ದಿನ ಬೀದಿ ಸುತ್ತಿದೆವು. ಮುದ್ರಣಾಲಯದವರು, "ನಿಮ್ಮ ಚೀಟಿ ತೆಗೆದ್ರೆ ನನ್ನ ಮೋಟಾರು ಮುನಿಸ್ಕೊಂಡು ನಿಂತುಬಿಡಲ್ಲ ತಾನೇ?" ಎಂದು ಗೇಲಿ ಮಾಡಿದರು. ತೆಗೆದರೆ ಹದಿನಾಲ್ಕು ವರ್ಷದ ಹಿಂದಿನ ತಾರೀಖು, ಕೆಳಗೆ ಸೊನ್ನೆ. ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರದಲ್ಲಿ ಒಂದು. ಆ ಕೋಣೆಯ ಹೆಂಗಸರು ಯಂತ್ರ ನಿಲ್ಲಿಸಿ, ಟಾರ್ಚು ಹಿಡಿದು, ಸಿಕ್ಕಾಗ ಚಪ್ಪಾಳೆ ತಟ್ಟಿದರು. ನೀರಿನ ಪಂಪುಗಳಲ್ಲಿ ಮೂರು. ಮರ ಕೊಯ್ಯುವ ಮಿಲ್ಲಿನಲ್ಲಿ ಒಂದು, ಅದಕ್ಕೆ ಇಪ್ಪತ್ತೈದು ವರ್ಷ, ನಾನು ಬಂದ ಮಾರನೇ ವರ್ಷದ್ದು. ಹಿಟ್ಟಿನ ಗಿರಣಿಗೂ ಹೋಗಿದ್ದೆವು. ಅಲ್ಲಿಯದನ್ನು ಆಮೇಲೆ ಹೇಳುತ್ತೇನೆ. ಹುಡುಗಿ ಪ್ರತಿಯೊಂದರ ಫೋಟೋ ತೆಗೆದುಕೊಂಡು, ಒಂದು ಎಂದಿದ್ದನ್ನು ಹೊಡೆದು ಎರಡು ಎಂದು ಬರೆದು, ಪಕ್ಕದಲ್ಲಿ ನನ್ನ ಹೆಸರು ಹಾಕಿದಳು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ತಂತಿ ಸುತ್ತುವವಳಿಗೆ ಕಣ್ಣಲ್ಲಿ ನೀರು ಬರಬಾರದು ಎಂದು ನೀವು ಬೈಯುತ್ತಿದ್ದಿರಿ.

ಜನವರಿಯಲ್ಲಿ ಕರೆ ಬಂತು. ಮೂವರು ಸಾಹೇಬರ ಮುಂದೆ ಒಂದು ಸ್ಟೇಟರು ಸುತ್ತಿ ತೋರಿಸಿದೆ. ಒಬ್ಬರು, "ಎಲ್ಲಿ ಕಲಿತ್ರಿ?" ಎಂದು ಕೇಳಿದರು. "ನಮ್ಮ ಅತ್ತಿಗೆ ಹತ್ರ," ಎಂದೆ. ಅದಕ್ಕವರು, "ಅದ್ಯಾವ ಸಂಸ್ಥೆ?" ಎನ್ನಬೇಕೇ!

ಮೊದಲ ಪಾಠದ ದಿನ ನಿಮ್ಮ ತಮ್ಮ ಗೇಟಿನವರೆಗೆ ಬಂದರು. ಕಾವಲಿನವನು ಯಾರು ಬೇಕು ಎಂದು ಕೇಳಿದ್ದಕ್ಕೆ, "ಇವರು ನಮ್ಮ ಅಂಗಡಿ ವೈಂಡರು, ಪಾಠ ಹೇಳೋಕೆ ಬಂದಿದಾರೆ," ಎಂದರು. ಇವರು ಅಂತ, ಬಂದಿದಾರೆ ಅಂತ! ಇಪ್ಪತ್ತಾರು ವರ್ಷದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅವರ ಮೇಲಿದ್ದ ಉಳಿದರ್ಧ ಸಿಟ್ಟೂ ಹೋಯಿತು. ಸಂಜೆ ಮನೆಗೆ ಬಂದರೆ ಅನ್ನ ಸಾರು ಮಾಡಿಟ್ಟಿದ್ದರು. ಸಾರಿಗೆ ಉಪ್ಪಿರಲಿಲ್ಲ, ಹೇಳಲಿಲ್ಲ, ಉಂಡೆ.

ಹನ್ನೆರಡು ಮಕ್ಕಳಿದ್ದಾರೆ, ಅದರಲ್ಲಿ ನಾಲ್ವರು ಹುಡುಗಿಯರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ತಂತಿ ಹಿಡಿದುಕೊಂಡಾಗ ನಿಮ್ಮ ದನಿ ಕೇಳಿಸಿತು. ನೀವು ನನಗೆ ಅಂದು ಹೇಳಿದ್ದನ್ನೇ ಹೇಳಿದೆ: "ತಂತಿನ ಎಳೀಬೇಡಿ. ಸ್ವಲ್ಪ ಬಿಡಿ, ತಾನೇ ಬರುತ್ತೆ." ಆಮೇಲೆ ಬೆಂಕಿಪೊಟ್ಟಣ ತೆಗೆದೆ. ಲೆಕ್ಕ ತಪ್ಪದಿರಲು ಹತ್ತು ಸುತ್ತಿಗೊಂದು ಕಡ್ಡಿ ಬಲಗಡೆಯಿಂದ ಎಡಗಡೆಗೆ. ಮಕ್ಕಳು ಮುಸಿಮುಸಿ ನಕ್ಕರು, ಮೊಬೈಲಿನಲ್ಲಿ ಎಣಿಸುತ್ತೇವೆ ಮೇಡಂ ಎಂದರು. ಸರಿ, ಎಣಿಸಿ ಎಂದೆ. ಅರವತ್ತು ಸುತ್ತು ಆಗುವಷ್ಟರಲ್ಲಿ ಮಧ್ಯೆ ನಾನು ಒಬ್ಬೊಬ್ಬರನ್ನೇ ಊರು, ಮನೆ, ತಂಗಿ ಎಂದು ಮಾತಿಗೆಳೆದೆ. ಹನ್ನೆರಡು ಜನರಲ್ಲಿ ಒಬ್ಬರಿಗೂ ಲೆಕ್ಕ ನೆನಪಿರಲಿಲ್ಲ. ನನಗೂ ನೀವು ಹೀಗೇ ಮಾಡಿದ್ದಿರಿ, ನನ್ನ ತವರಿನ ಕಥೆಯೆಲ್ಲ ಕೇಳಿ ಕೇಳಿ ಎಣಿಕೆ ತಪ್ಪಿಸಿ, ಆಮೇಲೆ ಕಡ್ಡಿ ಕೊಟ್ಟಿರಿ. ಮುಂದಿನ ಪಾಠಕ್ಕೆ ಎಲ್ಲರ ಜೇಬಿನಲ್ಲೂ ಬೆಂಕಿಪೊಟ್ಟಣ. ಕೇಂದ್ರದ ಮುಖ್ಯಸ್ಥರು ಮಕ್ಕಳೆಲ್ಲ ಬೀಡಿ ಕಲಿತರೇನೋ ಎಂದು ಗಾಬರಿಯಾಗಿ ನನ್ನನ್ನು ಕರೆಸಿ ಕೇಳಿದರು.

ಅತ್ತಿಗೆ, ನಾನು ಬಂದಾಗ ನನಗೆ ಅಂಗಡಿ ಎಂದರೆ ಭಯ. ಮಾವನವರ ಗಂಟಲು ಕೇಳಿದರೆ ಕೈಯಲ್ಲಿದ್ದ ತಂತಿ ಕೆಳಗೆ ಹಾಕುತ್ತಿದ್ದೆ. ನಾಲ್ಕು ತಿಂಗಳು ನೀವು ನನ್ನ ಪಕ್ಕ ಕೂತು, ನಾನು ಹಾಳು ಮಾಡಿದ ತಂತಿಯನ್ನೆಲ್ಲ ಮಾವನವರ ಕಣ್ಣಿಗೆ ಬೀಳದಂತೆ ಸೀರೆಯ ಕೆಳಗೆ ಮುಚ್ಚಿಟ್ಟು, ನಿಮ್ಮ ಕೈಗೆ ಗೊತ್ತಿದ್ದದ್ದನ್ನೆಲ್ಲ ನನ್ನ ಕೈಗೆ ಹಾಕಿದಿರಿ. ಆಮೇಲೆ ಮದುವೆಯಾಗಿ ಹೊರಟುಹೋದಿರಿ. ನಾನು ಒಂದು ದಿನವೂ ನಿಮಗೆ ಥ್ಯಾಂಕ್ಸ್ ಎಂದವಳಲ್ಲ. ಮನೆಯವರಿಗೆ ಯಾರು ಹಾಗನ್ನುತ್ತಾರೆ ಎಂದು ಸುಮ್ಮನಿದ್ದೆ. ಇವತ್ತು ಹೇಳುತ್ತೇನೆ. ನಾನು ಉಣ್ಣುವ ಅನ್ನ, ನನಗೀಗ ಸಿಗುತ್ತಿರುವ ಮರ್ಯಾದೆ, ಮೇಡಂ ಎಂದು ಆ ಮಕ್ಕಳು ಕರೆಯುವ ಕರೆ, ಎಲ್ಲ ನಿಮ್ಮಿಂದ ಬಂದದ್ದು. ನಿಮ್ಮ ಋಣ ದೊಡ್ಡದು.

ನಿಮ್ಮ ತಮ್ಮ ನಮಸ್ಕಾರ ತಿಳಿಸಿದ್ದಾರೆ. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ಮೆಟ್ಟಿಲು ಹತ್ತಬೇಡಿ. ಮೊಮ್ಮಗುವಿಗೆ ನಮ್ಮಿಬ್ಬರ ಆಶೀರ್ವಾದ, ನೂರು ವರ್ಷ ಬಾಳಲಿ. ನನಗೆ ನಿಮ್ಮ ಆಶೀರ್ವಾದ ಇರಲಿ.

ಇಂತಿ,
ನಿಮ್ಮ ಸಿಕ್ಕಮ್ಮ

ಮರೆತ ಮಾತು:

ಮರೆತದ್ದಲ್ಲ ಅತ್ತಿಗೆ. ಇದನ್ನು ಬರೆಯಲಾಗದೆಯೇ ಮೂರು ತಿಂಗಳು ಕಳೆದೆ.

ಆ ಫಾರಮ್ಮಿನಲ್ಲಿ ಇನ್ನೊಂದು ಕಾಲಂ ಇತ್ತು. ನಿಮ್ಮ ತಮ್ಮನನ್ನು ಅಷ್ಟು ಬೈದು, ಒಂದನ್ನು ಎರಡು ಮಾಡಿಸುತ್ತೇನೆಂದು ಹಠ ಹಿಡಿದ ಹೊತ್ತಿನಲ್ಲೇ ಹುಡುಗಿ ಕೇಳಿದಳು: "ಈಗಿನ ಯಜಮಾನರಿಗಿಂತ ಮುಂಚೆ, ಹಿರಿಯರ ಕಾಲದಲ್ಲಿ, ಇಲ್ಲಿ ಎಷ್ಟು ಜನ ಕೆಲಸ ಮಾಡ್ತಿದ್ರು?" ನಿಮ್ಮ ತಮ್ಮ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಇಬ್ಬರು. ನಮ್ಮ ಮಾವ, ಇವರು." ಸಲೀಸಾಗಿ ಬಂತು. ಅವರ ಬಾಯಿಗೆ ಒಂದು ಬಂದಷ್ಟೇ ಸಲೀಸಾಗಿ. ಹುಡುಗಿ ಬರೆದುಕೊಂಡಳು.

ಮಾವನವರಿಗೆ ಕಣ್ಣು ಮಂಜಾಗಿತ್ತು, ಅವರು ಸುತ್ತುತ್ತಿರಲಿಲ್ಲ. ಇವರಿಗೆ ಬರುತ್ತಲೇ ಇರಲಿಲ್ಲ. ಮತ್ತೆ ಹದಿಮೂರು ವರ್ಷ ಆ ಅಂಗಡಿಯ ಮೋಟಾರುಗಳನ್ನೆಲ್ಲ ಸುತ್ತಿದ್ದು ಯಾರು? ಹದಿನೈದು ವರ್ಷದವರಿದ್ದಾಗ ಆ ಸ್ಟೂಲಿನ ಮೇಲೆ ಕೂತು, ಇಪ್ಪತ್ತೆಂಟಕ್ಕೆ ಎದ್ದದ್ದು ಯಾರು? ಅದು ನನ್ನ ತಲೆಗೇ ಬರಲಿಲ್ಲ.

ಮಾರನೇ ದಿನ ಗಿರಣಿಗೆ ಹೋದೆವಲ್ಲ. ಗಿರಣಿ ಯಜಮಾನರು, "ಓಡ್ತಾ ಇರೋದನ್ನ ಯಾಕಮ್ಮ ಬಿಚ್ತೀರಿ? ಇದು ಒಂದು ದಿನಾನೂ ಕೆಟ್ಟಿಲ್ಲ," ಎಂದು ಬೇಡವೆಂದರೂ ನಾನೇ ಹಠ ಮಾಡಿ ಡಬ್ಬಿ ತೆಗೆಸಿದೆ. ಹಿಟ್ಟು ಕೂತು ಬೆಳ್ಳಗಾದ ಚೀಟಿ. ಊದಿ ನೋಡಿದರೆ ಇಪ್ಪತ್ತೊಂಬತ್ತು ವರ್ಷದ ಹಿಂದಿನ ತಾರೀಖು, ನಿಮ್ಮ ಅಂಕಿ, ಕೆಳಗೆ ಮೂರು ಚುಕ್ಕೆ. ನಿಮ್ಮ ತಮ್ಮ ನೋಡಿ, "ಅಕ್ಕನ್ದು," ಎಂದರು, ಆಮೇಲೆ ಗಿರಣಿಯ ಹೊರಗೆ ಹೋಗಿ ನಿಂತರು. ಕೆಟ್ಟಿದ್ದರೆ ಯಾವತ್ತೋ ಬಿಚ್ಚಿರುತ್ತಿದ್ದೆವು, ಚೀಟಿ ಸಿಕ್ಕಿರುತ್ತಿತ್ತು, ನಿಮ್ಮ ಮಾತು ಬಂದಿರುತ್ತಿತ್ತು. ನೀವು ಅಷ್ಟು ಚೆನ್ನಾಗಿ ಸುತ್ತಿದ್ದರಿಂದ ಯಾರೂ ಬಿಚ್ಚಲೇ ಇಲ್ಲ.

ಹಿರಿಯರ ಕಾಲದಲ್ಲಿ ನೀವೂ ಇದ್ದಿರಿ ಎಂದು ಆಗಲೇ ಹುಡುಗಿಗೆ ಹೇಳಬಹುದಿತ್ತು. ಹೇಳಲಿಲ್ಲ. ನನ್ನದು ಗಟ್ಟಿಯಾಗಲಿ, ಮಧ್ಯೆ ಇನ್ನೊಂದು ಹೆಸರು ತಂದರೆ ಗೊಂದಲವಾದೀತು ಎನ್ನಿಸಿತು. ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ, ಹಾಗೇ ಅನ್ನಿಸಿತು. ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡೆ. ಅದೇ ಲೆಕ್ಕವನ್ನು ಹೊಸ ತುಂಡಿನ ಮೇಲೆ ಬರೆದು, ನಿಮ್ಮ ಮೂರು ಚುಕ್ಕೆಯನ್ನೇ ಇಟ್ಟು, ಡಬ್ಬಿ ಮುಚ್ಚಿದೆ.

ಹದಿನೈದು ದಿನಕ್ಕೆ ನಿಮ್ಮ ಕಾಗದ ಬಂತು. ಅದರಲ್ಲಿ ನೀವು ಬರೆದಿದ್ದಿರಿ: "ನನ್ನದೇನಿದೆ ಸುದ್ದಿ, ಜೀವಮಾನದಲ್ಲಿ ಎಲ್ಲೂ ಕೆಲಸ ಮಾಡಿದವಳಲ್ಲ, ಮನೆಯಲ್ಲಿ ಕೂತವಳು." ಆ ಸಾಲು ಓದಿದ ಮೇಲೆ ನನಗೆ ಪೆನ್ನು ಹಿಡಿಯಲು ಮುಖವಿರಲಿಲ್ಲ. ಸೊಸೆ ಬಂದಳು, ಇನ್ನು ನೀನು ಹೊರಡು ಎಂದು ಮಾವನವರು ಹೇಳಿದ ದಿನ ನೀವು ಆ ಸ್ಟೂಲನ್ನು ಒರೆಸಿ ನನಗೆ ಬಿಟ್ಟುಕೊಟ್ಟಿರಿ. ಅದರ ಮೇಲೆ ಕೂತವಳು ನಾನು, ನಿಮ್ಮ ಹೆಸರು ಅಳಿಸಿದವಳೂ ನಾನೇ.

ಕಳೆದ ವಾರ ಆ ಹುಡುಗಿಯ ಕಚೇರಿಗೆ ಹೋಗಿ ಎಲ್ಲ ಹೇಳಿದೆ. ತಿದ್ದುಪಡಿಗೆ ಬೇರೆ ಫಾರಮ್ಮು ಇದೆಯಂತೆ, ಕೆಲಸ ಬಿಟ್ಟವರೂ ತುಂಬಬಹುದಂತೆ. ನಿಮ್ಮ ಊರಿನ ಕೇಂದ್ರದಲ್ಲೂ ಕಲಿಸುವವರಿಲ್ಲವಂತೆ, ಅದು ನಿಮ್ಮಿಷ್ಟ. ಅಂಗಡಿಯ ಪರವಾಗಿ ನಿಮ್ಮ ತಮ್ಮ, ಸಾಕ್ಷಿಯಾಗಿ ನಾನು ಸಹಿ ಹಾಕಿದ್ದೇವೆ. ಗಿರಣಿಯ ಚೀಟಿಯ ನಕಲು ಅಂಟಿಸಿದ್ದೇನೆ, ಫಾರಮ್ಮೂ ಅಸಲು ಚೀಟಿಯೂ ಈ ಕಾಗದದ ಜೊತೆ ನಿಮಗೆ. ಕೆಲಸ ಮಾಡಿದವರ ಹೆಸರು ಎಂಬ ಜಾಗ ಖಾಲಿ ಇದೆ. ಅದನ್ನು ಅವರ ಕೈಯಲ್ಲೇ ಬರೆಸಬೇಕಂತೆ.

ನನ್ನ ಮೇಲೆ ಸಿಟ್ಟಿದ್ದರೆ ಇಟ್ಟುಕೊಳ್ಳಿ, ಫಾರಮ್ಮು ಮಾತ್ರ ಕಳಿಸಿ. ಮೂರು ಚುಕ್ಕೆ ಇಟ್ಟು ಕಳಿಸಬೇಡಿ ಅತ್ತಿಗೆ. ಪೂರ್ತಿ ಹೆಸರು ಬರೆಯಿರಿ, ಪೆನ್ನಿನಲ್ಲಿ.